ಎಂಜಿನ್ ಕೆಲಸ ಕೆಟ್ಟರೆ: ಎರಡನೇ ಸಲ ಬಿಚ್ಚುವ ಮೊದಲು

ಅಡಿಕೆ ಕೊಯ್ಲು ಸುರುವಾದ ವಾರದಲ್ಲೇ ಮನೆಯ ಒಂದೇ ಒಂದು ವಾಹನ ಕೈಕೊಟ್ಟರೆ ಏನಾಗ್ತದೆ ಅಂತ ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ. ಆಳುಗಳನ್ನು ಕರೆತರುವುದು, ಗೊಬ್ಬರ ತರುವುದು, ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು, ಮಾರುಕಟ್ಟೆಗೆ ಚೀಲ ಸಾಗಿಸುವುದು ಎಲ್ಲವೂ ಅದೇ ಹಳೇ ಓಮ್ನಿ ವ್ಯಾನಿನಲ್ಲಿ. 2023ರ ನವೆಂಬರಿನಲ್ಲಿ ಅದರ ಎಂಜಿನ್ ಕೆಟ್ಟಿತು. ರಿಪೇರಿ ಮಾಡಿಸಿದೆ. ರಿಪೇರಿಯೇ ಕೆಟ್ಟಿತು. ಆಮೇಲೆ ಗ್ಯಾರೇಜಿನವನೊಡನೆ ನಡೆದ ಹಗ್ಗಜಗ್ಗಾಟದಲ್ಲಿ ನಾನು ಕಲಿತದ್ದು ಇತರರಿಗೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡ್ತೇನೆ. ಪೇಟೆಯಿಂದ ಬರುವಾಗ ರೇಡಿಯೇಟರಿನ ಹೋಸ್ ಪೈಪು ಬಿರುಕು ಬಿಟ್ಟು ನೀರು ಸೋರಿದೆ. ಏರು ಹತ್ತುವಾಗ ಬಿಸಿ ತೋರಿಸುವ ಮುಳ್ಳು ಮೇಲಿನ ಗೀಟು ಮುಟ್ಟಿದ್ದು ಕಂಡಿತು. ನಿಲ್ಲಿಸಬೇಕಿತ್ತು. ‘ಇನ್ನು ಮೂರು ಕಿಲೋಮೀಟರು ತಾನೆ’ ಅಂತ ಹಾಗೇ ಬಿಟ್ಟುಕೊಂಡು ಮನೆಗೆ ಬಂದೆ. ಆ ಮೂರು ಕಿಲೋಮೀಟರು ನನಗೆ ಎಷ್ಟು ದುಬಾರಿಯಾಯಿತು ಅಂತ ಮುಂದೆ ನೋಡಿ.

ಪೇಟೆಯ ಗ್ಯಾರೇಜಿನ ಮೇಸ್ತ್ರಿ ನನಗೆ ಹುಡುಗನಾಗಿದ್ದಾಗಿನಿಂದ ಗೊತ್ತು. ನೋಡಿದವನೇ ‘ಅಣ್ಣಾ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಬೇರೆಂತದ್ದೂ ಇಲ್ಲ, ನಾಲ್ಕು ದಿನ ಬಿಡಿ’ ಅಂದ. ಆರು ದಿನ ಆಯಿತು. ಕೊನೆಗೆ ಒಂದು ತುಂಡು ಕಾಗದದಲ್ಲಿ ‘ಹೆಡ್ ಕೆಲಸ 9,400’ ಅಂತ ಬರೆದು ಕೊಟ್ಟ. 8,000 ಕೊಟ್ಟೆ, 1,400 ಬಾಕಿ ಹೇಳಿದೆ. ಯಾವ ಸಾಮಾನು ಹಾಕಿದ, ಹಳೆಯದ್ದು ಎಲ್ಲಿ, ಎಂತ ಕೆಲಸ ಮಾಡಿದ ಒಂದನ್ನೂ ನಾನು ಕೇಳಲಿಲ್ಲ. ಪರಿಚಯದವನ ಹತ್ತಿರ ಹಾಗೆಲ್ಲ ಕೇಳಿದರೆ ಸಂಶಯಪಟ್ಟ ಹಾಗೆ ಆಗ್ತದೆ ಅಂತ ನಮ್ಮ ಸಂಕೋಚ.

ಹದಿನೇಳನೇ ದಿನ, ಹೆಚ್ಚೆಂದರೆ 380 ಕಿ.ಮೀ. ಓಡಿರಬಹುದು, ರೇಡಿಯೇಟರ್ ಪುನಃ ಖಾಲಿ. ಈ ಸಲ ಎಲ್ಲೂ ಸೋರಿದ ಗುರುತಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಹಾಕಿದ ಕಾಪಿಯ ಬಣ್ಣ. ಎಳೆಸಿಕೊಂಡು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಹೇಳಿದ: ‘ಇದು ಹೊಸ ಕಂಪ್ಲೇಂಟು ಅಣ್ಣಾ. ಪಿಸ್ಟನ್, ರಿಂಗ್ ಎಲ್ಲ ಸವೆದಿದೆ. ಬೋರ್ ಮಾಡಿಸಬೇಕು. ಮೂವತ್ತೆರಡು ಸಾವಿರ ಹಿಡಿಯುವಾ.’

ಮೂವತ್ತೆರಡು ಸಾವಿರ! ವ್ಯಾನನ್ನು ಮಾರಿದರೆ ಅದರ ಎರಡು ಪಾಲು ಬಂದರೆ ಹೆಚ್ಚು. ಆದರೂ ಕೊಯ್ಲಿನ ಗಡಿಬಿಡಿಯಲ್ಲಿ ‘ಆಯಿತು, ಬಿಚ್ಚು’ ಅನ್ನುವವನೇ ಇದ್ದೆ. ಜೊತೆಗೆ ಬಂದಿದ್ದ ಭಾವ ಅಡ್ಡ ಬಂದರು. ಅವರು ವರ್ಷಗಟ್ಟಲೆ ಡೀಸೆಲ್ ಪಂಪು ಬಿಚ್ಚಿ ಜೋಡಿಸಿದವರು. ‘ಇವನ ಕೈಯಲ್ಲಿ ಇನ್ನೊಂದು ಸಲ ಬಿಚ್ಚಿದರೆ ಮೊದಲಿನ ಕೆಲಸ ಹೇಗಿತ್ತು ಅಂತ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ. ಮುಟ್ಟಿಸಬೇಡ’ ಅಂದರು.

ಇಡೀ ವ್ಯವಹಾರದಲ್ಲಿ ನನ್ನನ್ನು ಉಳಿಸಿದ್ದು ಈ ಒಂದು ಮಾತು. ಎಂಜಿನ್ನಿನ ಜಗಳಕ್ಕೆ ಸಾಕ್ಷಿ ಎಂಜಿನ್ನಿನ ಒಳಗೇ ಇರ್ತದೆ. ತಪ್ಪು ಮಾಡಿದವನೇ ಅದನ್ನು ಬಿಚ್ಚಿ, ತೊಳೆದು, ಹಳೇ ಗ್ಯಾಸ್ಕೆಟನ್ನು ಗುಜರಿಗೆ ಎಸೆದ ಮೇಲೆ ಉಳಿಯುವುದು ನಿಮ್ಮ ಬಾಯಿ ಮತ್ತು ಅವನ ಬಾಯಿ ಮಾತ್ರ.

ಗ್ಯಾಸ್ಕೆಟ್ ಯಾಕೆ ಪುನಃ ಹೋಗ್ತದೆ?

ಇಲ್ಲಿ ಸ್ವಲ್ಪ ಎಂಜಿನ್ ವಿಷಯ ಹೇಳಲೇಬೇಕು. ಇದು ಗೊತ್ತಿಲ್ಲದಿದ್ದರೆ ಗ್ಯಾರೇಜಿನಲ್ಲಿ ನಮಗೆ ಮಾತೇ ಹೊರಡುವುದಿಲ್ಲ.

ಎಂಜಿನ್ನಿನ ಕೆಳಗಿನ ಭಾಗ ಬ್ಲಾಕ್, ಮೇಲಿನ ಮುಚ್ಚಳ ಹೆಡ್. ನಡುವೆ ಇರುವ ತೆಳ್ಳಗಿನ ಪ್ಯಾಕಿಂಗೇ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನೊಳಗಿನ ಬೆಂಕಿಯ ಒತ್ತಡ, ಸುತ್ತ ಹರಿಯುವ ತಂಪಿನ ನೀರು, ಮೇಲೆ ಕೆಳಗೆ ಓಡುವ ಆಯಿಲ್ ಈ ಮೂರೂ ಒಂದಕ್ಕೊಂದು ಸೇರದ ಹಾಗೆ ತಡೆಯುವುದು ಅದರ ಕೆಲಸ. ನಮ್ಮಲ್ಲಿ ಓಡುವ ಸಣ್ಣ ಕಾರುಗಳ ಹೆಡ್ ಹೆಚ್ಚಾಗಿ ಅಲ್ಯೂಮಿನಿಯಮ್ಮಿನದ್ದು. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಬೀಡು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಾಲು. ನೀರಿಲ್ಲದೆ ಕಾದಾಗ ಬೋಲ್ಟುಗಳ ಬಿಗಿತದಲ್ಲಿ ಸಿಕ್ಕಿಕೊಂಡ ಹೆಡ್ ಹಿಗ್ಗಲು ಜಾಗವಿಲ್ಲದೆ ಡೊಂಕಾಗ್ತದೆ. ಕಣ್ಣಿಗೆ ಕಾಣುವ ಡೊಂಕಲ್ಲ, ತಲೆಗೂದಲಿನಷ್ಟು. ಆದರೆ ಗ್ಯಾಸ್ಕೆಟ್ ಹರಿಯಲಿಕ್ಕೆ ಅಷ್ಟು ಸಾಕು.

ಹಾಗಾಗಿ ಕಾದು ಹೋದ ಎಂಜಿನ್ನಿಗೆ ಬರೇ ಗ್ಯಾಸ್ಕೆಟ್ ಬದಲಿಸಿದರೆ ಕೆಲಸ ಮುಗಿಯಲಿಲ್ಲ. ಹೆಡ್ಡನ್ನು ಕೆರೆದು ಶುದ್ಧ ಮಾಡಿ, ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಇಂಥ ಸಣ್ಣ ಎಂಜಿನ್‌ಗಳಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು ಅಂತ ಲೆಕ್ಕ. ಇದ್ದರೆ ಲೇತಿಗೆ ಕೊಟ್ಟು ಮಟ್ಟ ಮಾಡಿಸಬೇಕು. ಜೋಡಿಸುವಾಗ ಬೋಲ್ಟುಗಳನ್ನು ನಡುವಿನಿಂದ ಸುರುಮಾಡಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ‘ಕೈ ಅಂದಾಜು ಸಾಕು, ಇಪ್ಪತ್ತು ವರ್ಷದ ಅನುಭವ’ ಅನ್ನುವ ಮೇಸ್ತ್ರಿಗಳು ಬೇಕಾದಷ್ಟು ಮಂದಿ ಇದ್ದಾರೆ. ಎಲ್ಲದಕ್ಕಿಂತ ಮುಖ್ಯವಾಗಿ, ಮೊದಲು ಕಾದದ್ದು ಯಾಕೆ ಅನ್ನುವುದನ್ನು ಸರಿಪಡಿಸಬೇಕು. ಹೋಸ್ ಪೈಪೋ, ಥರ್ಮೋಸ್ಟಾಟೋ, ರೇಡಿಯೇಟರ್ ಕಟ್ಟಿಕೊಂಡದ್ದೋ ನೋಡದೆ ಹೆಡ್ ಕೂರಿಸಿದರೆ ಪುನಃ ಅದೇ ಪಾಡು. ನಮ್ಮಲ್ಲಿ ಹೆಚ್ಚಿನವರು ರೇಡಿಯೇಟರಿಗೆ ಬಾವಿ ನೀರನ್ನೇ ಹೊಯ್ಯುತ್ತೇವೆ. ಒಳಗೆ ತುಕ್ಕು, ಕೆಸರು ಕಟ್ಟುವುದು ಹಾಗೆಯೇ. ಕೂಲಂಟ್ ಹಾಕಿದರೆ ಕುದಿಯುವ ಬಿಸಿಯೂ ಸ್ವಲ್ಪ ಮೇಲೇರ್ತದೆ, ತುಕ್ಕೂ ಕಡಿಮೆ.

ಕೆಟ್ಟದ್ದು ಗ್ಯಾಸ್ಕೆಟೋ ರಿಂಗೋ ಅಂತ ಹೊರಗಿನಿಂದಲೇ ಸುಮಾರಾಗಿ ಹೇಳಬಹುದು. ರಿಂಗ್ ಸವೆದರೆ ಹೊಗೆ ನೀಲಿ, ಆಯಿಲ್ ಕಡಿಮೆಯಾಗ್ತಾ ಹೋಗ್ತದೆ, ನೀರಿಗೆ ತೊಂದರೆಯಿಲ್ಲ. ಗ್ಯಾಸ್ಕೆಟ್ ಅಥವಾ ಹೆಡ್ ಆದರೆ ಬಿಸಿಯಾದ ಮೇಲೂ ಬಿಳಿ ಹೊಗೆ, ಕಾರಣವಿಲ್ಲದೆ ನೀರು ಮಾಯ, ಡಿಪ್‌ಸ್ಟಿಕ್ಕಿನಲ್ಲಿ ಕಾಪಿ ಬಣ್ಣ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ. (ಬಿಸಿ ಇರುವಾಗ ಆ ಮುಚ್ಚಳ ಮುಟ್ಟಬೇಡಿ, ಮುಖ ಸುಟ್ಟುಹೋದೀತು.) ಆದರೆ ಒಂದು ಮಾತು. ನಮ್ಮ ಮಳೆಗಾಲದಲ್ಲಿ ವಾಹನವನ್ನು ಬರೇ ಹತ್ತಿರಹತ್ತಿರ ಓಡಿಸುತ್ತಿದ್ದರೆ ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಬಿಳಿ ನೊರೆ ಕಟ್ಟುವುದುಂಟು. ಅದು ತೇವ ಅಷ್ಟೇ. ಡಿಪ್‌ಸ್ಟಿಕ್ ಶುದ್ಧ ಇದ್ದರೆ ಹೆದರಬೇಡಿ, ಅದನ್ನೇ ತೋರಿಸಿ ಎಂಜಿನ್ ಬಿಚ್ಚಬೇಕು ಅಂದವರನ್ನು ನಂಬಲೂ ಬೇಡಿ.

ಆಯಿಲ್ ಕಾಪಿ ಬಣ್ಣ ತಿರುಗಿದ ಮೇಲೆ ಒಂದು ಮೈಲು ಸಹ ಓಡಿಸಕೂಡದು. ನೀರು ಸೇರಿದ ಆಯಿಲಿಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ. ಆಮೇಲೆ ನಿಜವಾಗಿಯೂ ಮೂವತ್ತು ಸಾವಿರದ ಕೆಲಸ ಬರ್ತದೆ. ‘ನೀವೇ ಓಡಿಸಿ ಕೆಡಿಸಿದಿರಿ’ ಅನ್ನಲು ಗ್ಯಾರೇಜಿನವರಿಗೂ ದಾರಿಯಾಗ್ತದೆ.

ವ್ಯಾನ್ ಬಿಡಿಸಿಕೊಂಡದ್ದು

ಎಂಜಿನ್ ಬಿಚ್ಚಬೇಡ, ವ್ಯಾನ್ ಕೊಂಡುಹೋಗ್ತೇನೆ ಅಂದದ್ದಕ್ಕೆ ಮೇಸ್ತ್ರಿಯ ಮುಖ ಕೆಂಪಾಯಿತು. ‘ಹಾಗಾದ್ರೆ ಹಳೇ ಬಾಕಿ ಕೊಟ್ಟು ಕೊಂಡೋಗಿ’ ಅಂದ.

ಅವನಿಗೆ ಹಾಗೆ ಹಿಡಿದಿಡುವ ಹಕ್ಕು ಉಂಟೇ? 1872ರ ಕರಾರು ಕಾಯಿದೆಯ 170ನೇ ಸೆಕ್ಷನ್ ಪ್ರಕಾರ, ಒಂದು ವಸ್ತುವಿನ ಮೇಲೆ ಒಪ್ಪಿದ ಕೆಲಸ ಮಾಡಿದವನು ಆ ಕೆಲಸದ ಮಜೂರಿ ಬರುವ ತನಕ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ಆದರೆ ಆ ಕೆಲಸದ ಮಜೂರಿಗೆ ಮಾತ್ರ. ಒಮ್ಮೆ ವಾಹನ ಬಿಟ್ಟುಕೊಟ್ಟ ಮೇಲೆ, ಹಿಂದಿನ ಬಾಕಿಗಾಗಿ ಮುಂದಿನ ಸಲ ಬಂದಾಗ ಹಿಡಿದಿಡುವುದಕ್ಕೆ ಗ್ಯಾರೇಜಿನವರಿಗೆ ಹಕ್ಕಿಲ್ಲ. ಅಂಥ ಅಧಿಕಾರವನ್ನು ಕಾಯಿದೆ ಕೊಟ್ಟದ್ದು ಬ್ಯಾಂಕು ಮೊದಲಾದ ಕೆಲವರಿಗೆ ಮಾತ್ರ.

ಇದನ್ನೆಲ್ಲ ಗ್ಯಾರೇಜಿನ ಜಗಲಿಯಲ್ಲಿ ನಿಂತು ವಾದಿಸಿ ಗೆಲ್ಲಲಿಕ್ಕಾಗುವುದಿಲ್ಲ. ನಾನು ಮಾಡಿದ್ದು ಇಷ್ಟು: 1,400 ರೂಪಾಯಿಯನ್ನು ನಗದಾಗಿ ಕೊಡದೆ ಫೋನಿನಲ್ಲೇ ಅವನ ಖಾತೆಗೆ ಹಾಕಿ, ‘ಆಕ್ಷೇಪಣೆಯೊಡನೆ ಪಾವತಿ’ ಅಂತ ಅದರಲ್ಲೇ ಬರೆದೆ. ಹಣ ಕೊಟ್ಟದ್ದಕ್ಕೂ ದಾಖಲೆ, ಕೆಲಸ ಒಪ್ಪಿಕೊಂಡಿಲ್ಲ ಎನ್ನುವುದಕ್ಕೂ ದಾಖಲೆ. ಹೊರಡುವ ಮೊದಲು ಕಿಲೋಮೀಟರ್ ಮೀಟರು, ಡಿಪ್‌ಸ್ಟಿಕ್, ರೇಡಿಯೇಟರ್, ಎಂಜಿನ್ ನಂಬರ್ ಎಲ್ಲದರ ಫೋಟೋ ತೆಗೆದುಕೊಂಡೆ.

ನೆರೆಮನೆಯವರ ಜೀಪಿನಲ್ಲಿ ಎಳೆಸಿ ಪುತ್ತೂರಿನ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಕೊಂಡುಹೋದೆ. ಅವರಿಗೆ ಮೊದಲೇ ಹೇಳಿದೆ: ‘ರಿಪೇರಿ ಬೇಡ, ಬಿಚ್ಚುವುದೂ ಬೇಡ. ಪರೀಕ್ಷೆ ಮಾಡಿ ಕಂಡದ್ದನ್ನು ಬರೆದು ಕೊಡಿ. ಅದಕ್ಕೆ ಹಣ ಕೊಡ್ತೇನೆ.’ ರಿಪೇರಿಯ ಆಸೆ ಇಲ್ಲದವನ ಅಭಿಪ್ರಾಯಕ್ಕೆ ಬೆಲೆ ಹೆಚ್ಚು. ಅವರು ಪ್ಲಗ್ ಕಳಚಿ ಮೂರೂ ಸಿಲಿಂಡರಿನ ಕಂಪ್ರೆಷನ್ ಅಳೆದರು. ಮೊದಲನೆಯದರಲ್ಲಿ 11, ಎರಡು ಮತ್ತು ಮೂರರಲ್ಲಿ 6ರ ಆಸುಪಾಸು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಬಿದ್ದರೆ ಮೊದಲ ಸಂಶಯ ನಡುವಿನ ಗ್ಯಾಸ್ಕೆಟಿನ ಮೇಲೆ. ಆಮೇಲೆ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಪುನಃ ಅಳೆದರು. ರಿಂಗ್ ಸವೆದಿದ್ದರೆ ಆಯಿಲ್ ಸಂದು ತುಂಬಿ ಒತ್ತಡ ಏರಬೇಕು. ಏರಲಿಲ್ಲ. ಅಲ್ಲಿಗೆ ಬೋರಿಂಗಿನ ಮಾತು ಬಿದ್ದುಹೋಯಿತು. ಅರ್ಧ ಗಂಟೆಯ ಕೆಲಸ, 500 ರೂಪಾಯಿ. ಅಳತೆ, ತಾರೀಕು, ಕಿಲೋಮೀಟರ್ ಹಾಕಿ ತಮ್ಮ ಬಿಲ್ ಪುಸ್ತಕದ ಹಾಳೆಯಲ್ಲೇ ಬರೆದು ಸಹಿ ಮಾಡಿಕೊಟ್ಟರು.

ಕಾಗದ ಬರೆದದ್ದು

ಬೈದು ಬರೆಯಲು ಕೈ ತುರಿಸ್ತಿತ್ತು. ಬರೆಯಲಿಲ್ಲ. ಮೋಸ, ವಂಚನೆ ಅಂತೆಲ್ಲ ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ನಮ್ಮ ತಲೆಗೇ ಬರ್ತದೆ. ನಡೆದದ್ದನ್ನು ತಾರೀಕು ಪ್ರಕಾರ ಬರೆದು, ಎಂತ ಬೇಕು ಅಂತ ಸ್ಪಷ್ಟ ಹೇಳಿದರೆ ಸಾಕು. ನನ್ನ ಕಾಗದದ ಮುಖ್ಯ ಭಾಗ ಹೀಗಿತ್ತು:

‘ತಾವು ನನ್ನ ವ್ಯಾನಿನ ಹೆಡ್ ಕೆಲಸ ಮಾಡಿ ಒಟ್ಟು ರೂ. 9,400 ಪಡೆದಿರುತ್ತೀರಿ. 17 ದಿನಗಳಲ್ಲಿ, ಸುಮಾರು 380 ಕಿ.ಮೀ. ಓಡಿದ ಮೇಲೆ, ಅದೇ ದೋಷ ಮರುಕಳಿಸಿದೆ. ಬೇರೆ ಮೆಕ್ಯಾನಿಕ್ ಪರೀಕ್ಷಿಸಿ ಕೊಟ್ಟ ವರದಿಯ ಪ್ರತಿ ಲಗತ್ತಿಸಿದೆ. ಎಂಜಿನನ್ನು ಇದುವರೆಗೆ ಯಾರೂ ಬಿಚ್ಚಿಲ್ಲ. ತಮ್ಮ ಸಮಕ್ಷಮದಲ್ಲೇ ಬಿಚ್ಚಿಸಿ ನೋಡಲು ನಾನು ಸಿದ್ಧ. ಈ ಪತ್ರ ತಲುಪಿದ 15 ದಿನಗಳೊಳಗೆ ಕೆಲಸವನ್ನು ಮಜೂರಿಯಿಲ್ಲದೆ ಸರಿಪಡಿಸಿ ಕೊಡಬೇಕು ಅಥವಾ ಪಡೆದ ಹಣವನ್ನು ಹಿಂದಿರುಗಿಸಬೇಕು. ತಪ್ಪಿದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.’

‘ತಮ್ಮ ಸಮಕ್ಷಮದಲ್ಲೇ’ ಅನ್ನುವ ಮಾತು ಬಿಡಬೇಡಿ. ಅವನಿಗೂ ನೋಡುವ ಅವಕಾಶ ಕೊಟ್ಟಿದ್ದೇವೆ ಅಂತ ಆಗ್ತದೆ. ನಾನು ಆಗ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ, ಈಗ ಅದರಲ್ಲೇ ಕಳಿಸಬೇಕು. ರಶೀದಿಯನ್ನೂ ತಲುಪಿದ ಪುರಾವೆಯನ್ನೂ ಇಟ್ಟುಕೊಳ್ಳಿ. ಹತ್ತು ಸಲ ಫೋನ್ ಮಾಡಿ ಜಗಳಾಡಿದ್ದಕ್ಕಿಂತ ಇಂಥ ಒಂದು ಹಾಳೆಯ ತೂಕ ಹೆಚ್ಚು.

ಆಯೋಗಕ್ಕೆ ಹೋಗಬೇಕಾದರೆ

ನನಗೆ ಅಲ್ಲಿತನಕ ಹೋಗಬೇಕಾಗಿ ಬರಲಿಲ್ಲ. ಆದರೆ ತಯಾರಿ ಮಾಡಿಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಹಣ ಪಡೆದು ಮಾಡುವ ರಿಪೇರಿಯೂ ‘ಸೇವೆ’. ಅದರಲ್ಲಿ ಕೊರತೆಯಾದರೆ ದೂರು ಕೊಡಬಹುದು. ಮೊದಲಿನ ಹಾಗೆ ಎದುರಾಳಿ ಇರುವಲ್ಲಿಗೇ ಹೋಗಬೇಕಾಗಿಲ್ಲ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಾದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಹಾಕಬೇಕು. 2025ರಿಂದ ಕಂಪ್ಯೂಟರಿನಲ್ಲೇ ದೂರು ಸಲ್ಲಿಸುವುದಕ್ಕೆ ‘ಇ-ಜಾಗೃತಿ’ ಅನ್ನುವ ವ್ಯವಸ್ಥೆ ಬಂದಿದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಅವರದ್ದು ತೀರ್ಪು ಅಲ್ಲ, ಮಾತುಕತೆಗೆ ದಾರಿ ಮಾಡಿಕೊಡ್ತಾರೆ ಅಷ್ಟೆ.

ಕಾಯಿದೆ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನವಾಗಲಿ ಅಂತ ಹೇಳ್ತದೆ. ಅದನ್ನು ನಂಬಿ ದಿನ ಎಣಿಸಬೇಡಿ. ಇನ್ನೊಂದು ತಕರಾರು ಬರಬಹುದು: ‘ಇದು ಅಡಿಕೆ ಸಾಗಿಸುವ ವಾಹನ, ವ್ಯಾಪಾರದ್ದು, ಇವರು ಗ್ರಾಹಕರೇ ಅಲ್ಲ’ ಅಂತ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಬಳಸುವುದನ್ನು ವಾಣಿಜ್ಯ ಅನ್ನುವಂತಿಲ್ಲ ಎಂಬ ವಿವರಣೆ ಕಾಯಿದೆಯಲ್ಲೇ ಇದೆ. ದೂರಿನಲ್ಲೇ ಆ ಮಾತು ಬರೆದುಬಿಡಿ. ವ್ಯಾನ್ ಇಲ್ಲದ ದಿನಗಳಲ್ಲಿ ಬಾಡಿಗೆ ಜೀಪಿಗೆ ಕೊಟ್ಟದ್ದಕ್ಕೂ ಚೀಟಿ ಇರಲಿ. ಚೀಟಿ ಇಲ್ಲದ ಖರ್ಚು ಖರ್ಚೇ ಅಲ್ಲ ಅಲ್ಲಿ.

ಇನ್ಶೂರೆನ್ಸ್ ಸಿಗಬಹುದಲ್ಲಾ ಅಂತ ಕೆಲವರು ಕೇಳಿದರು. ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಯಂತ್ರ ತಾನಾಗಿ ಕೆಟ್ಟದ್ದಕ್ಕೆ ಪರಿಹಾರ ಇಲ್ಲ.

ಕೊನೆಗೆ ಆದದ್ದು

ಹನ್ನೊಂದನೇ ದಿನ ಸಂಜೆ ಮೇಸ್ತ್ರಿ ಬೈಕಿನಲ್ಲಿ ಮನೆಗೆ ಬಂದ. ನಾನು ‘ನೀನು’ ಅಂತ ಕರೆಯುವ ಹುಡುಗನಿಗೆ ‘ತಾವು’ ಅಂತ ಬರೆದ ಕಾಗದ ಹೋದದ್ದು ಅವನಿಗೆ ನಾಟಿತ್ತು. ‘ಅಣ್ಣಾ, ಇದೆಂತ ಕಾಗದ ಎಲ್ಲ ಹಾಕಿದ್ದು? ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?’ ಅಂದ. ‘ಹೇಳಿದ್ದೆ ಮಾರಾಯ, ನೀನು ಮೂವತ್ತೆರಡು ಸಾವಿರ ಅಂದಿ’ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಪುತ್ತೂರಿನ ಲೇತಿನಲ್ಲಿ ನಾನು, ಭಾವ, ಅವನು ಮೂವರೂ ನಿಂತು ಹೆಡ್ ಬಿಚ್ಚಿಸಿದೆವು. ಬಿಚ್ಚಿದ್ದು ಅವನೇ. ಲೇತಿನವರು ಪಟ್ಟಿ ಇಟ್ಟರು. ಎರಡು ಮತ್ತು ಮೂರನೇ ಸಿಲಿಂಡರಿನ ನಡುವೆ 0.20ರ ಗೇಜು ಸಲೀಸಾಗಿ ಒಳಗೆ ಹೋಯಿತು. ಹೊಸ ಗ್ಯಾಸ್ಕೆಟ್ ಅದೇ ಜಾಗದಲ್ಲಿ ಕಪ್ಪಾಗಿ ಸುಟ್ಟಿತ್ತು. ಬೋರಿನ ಗೋಡೆಯಲ್ಲಿ ಗೀರು ಸಹ ಇರಲಿಲ್ಲ. ಮೊದಲ ಸಲ ಹೆಡ್ಡನ್ನು ಲೇತಿಗೆ ಕಳಿಸಿಯೇ ಇರಲಿಲ್ಲ ಅಂತ ಅವನು ಆಗ ಒಪ್ಪಿಕೊಂಡ. ಆ ವಾರ ಕೆಲಸದ ಹುಡುಗ ಊರಿಗೆ ಹೋಗಿದ್ದನಂತೆ, ಗಡಿಬಿಡಿಯಂತೆ. ಮೂವತ್ತೆರಡು ಸಾವಿರ ಯಾಕೆ ಹೇಳಿದ ಅಂತ ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ಅಲ್ಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಮಜೂರಿ, ಗ್ಯಾಸ್ಕೆಟ್, ಲೇತಿನ 800 ರೂಪಾಯಿ ಅವನದ್ದು. ಹೊಸ ಹೋಸ್, ಥರ್ಮೋಸ್ಟಾಟ್, ಕೂಲಂಟ್, ಒಳಗೆ ತೊಳೆಯುವುದಕ್ಕೆ ಎರಡು ಸಲ ಹಾಕಿದ ಆಯಿಲ್ ನನ್ನದು. ಹೆಡ್ ಡೊಂಕಾದದ್ದು ನಾನು ಓಡಿಸಿದ ಆ ಮೂರು ಕಿಲೋಮೀಟರಿನಲ್ಲಿ, ಅದನ್ನು ಅವನ ಮೇಲೆ ಹಾಕುವುದು ನ್ಯಾಯವಲ್ಲ. ಆರು ತಿಂಗಳು ಅಥವಾ 5,000 ಕಿ.ಮೀ. ಒಳಗೆ ಅದೇ ದೋಷ ಬಂದರೆ ಖರ್ಚಿಲ್ಲದೆ ಮಾಡಿಕೊಡಬೇಕು ಅಂತಲೂ ಬರೆಸಿದೆ. ಬಾಡಿಗೆ ಜೀಪಿಗೆ ಹೋದ ನಾಲ್ಕು ಸಾವಿರದ ಚಿಲ್ಲರೆಯನ್ನು ಬಿಟ್ಟೆ. ಮನೆಯಲ್ಲಿ ಅದಕ್ಕೆ ಈಗಲೂ ಬೈಗಳು ಉಂಟು.

ಈಗ ಯಾವ ಗ್ಯಾರೇಜಿಗೆ ಹೋದರೂ ನಾನು ಒಂದು ಹಳೇ ನೋಟುಪುಸ್ತಕ ಕೊಂಡುಹೋಗ್ತೇನೆ. ಬಿಡುವಾಗಿನ ಕಿಲೋಮೀಟರ್, ನಾನು ಹೇಳಿದ ತೊಂದರೆ, ಅವರು ಹೇಳಿದ ಕೆಲಸ ಮತ್ತು ಅಂದಾಜು ಬರೆದು ಅವರಿಂದಲೇ ಒಂದು ಸಹಿ. ಅಂದಾಜಿಗಿಂತ ಹೆಚ್ಚಾಗುವುದಾದರೆ ಫೋನ್ ಮಾಡಿಯೇ ಮುಂದುವರಿಯಬೇಕು, ತೆಗೆದ ಹಳೇ ಸಾಮಾನು ಚೀಲದಲ್ಲಿ ಹಾಕಿ ಇಡಬೇಕು ಅಂತ ಮೊದಲೇ ಹೇಳ್ತೇನೆ. ಹೆಡ್ ಬಿಚ್ಚುವ ಕೆಲಸವಾದರೆ ಲೇತಿನ ಬಿಲ್ ಬೇರೆಯೇ ಕೇಳ್ತೇನೆ. ಸುರುವಿಗೆ ಕೆಲವರು ನಕ್ಕರು. ಒಬ್ಬರು ‘ನಂಬಿಕೆ ಇಲ್ಲದಿದ್ರೆ ಬೇರೆ ಕಡೆ ಹೋಗಿ’ ಅಂದರು, ಹೋದೆ.

ಬ್ರೇಕ್, ಕ್ಲಚ್ಚಿನ ಕೆಲಸಕ್ಕೆ ಈಗಲೂ ಆ ಮೇಸ್ತ್ರಿಯ ಹತ್ತಿರವೇ ಹೋಗ್ತೇನೆ. ನೋಟುಪುಸ್ತಕ ಕಂಡ ಕೂಡಲೇ ಅವನೇ ಪೆನ್ನು ತೆಗೆಯುತ್ತಾನೆ.